ಕರ್ನಾಟಕ ಕರಾವಳಿಯ ಉಬ್ಬರವಿಳಿತದ ಮರಳುದಿಬ್ಬಗಳ ಅಕಶೇರುಕಗಳು

ಉಬ್ಬರದ ವೇಳೆ ನೀರಿನಲ್ಲಿ ಮುಳುಗಿ, ಇಳಿತದ ವೇಳೆ ಗಾಳಿಗೆ ತೆರೆದುಕೊಳ್ಳುವ ಮರಳಿನ ದಿಬ್ಬಗಳಲ್ಲಿ ವಾಸಿಸುವ ಬೆನ್ನೆಲುಬಿಲ್ಲದ ಪ್ರಾಣಿಗಳನ್ನು ಉಬ್ಬರವಿಳಿತದ ಮರಳುದಿಬ್ಬಗಳ ಅಕಶೇರುಕಗಳು ಎಂದು ಕರೆಯಲಾಗುತ್ತದೆ. ಚಿಪ್ಪಿಕಲ್ಲು ಮತ್ತು ಬಸವನಹುಳುಗಳಂತಹ ಮೃದ್ವಂಗಿಗಳು, ಏಡಿ, ಸೀಗಡಿ ಮೊದಲಾದ ಕಠಿಣಚರ್ಮಿಗಳು, ಬಹುರೋಮಿ ಹುಳುಗಳು, ಕಂಟಕಚರ್ಮಿಗಳು ಹಾಗೂ ಮರಳಿನ ಕಣಗಳ ನಡುವೆ ಬದುಕುವ ಅತಿ ಸಣ್ಣ ಪ್ರಾಣಿಗಳು ಇವುಗಳಲ್ಲಿ ಮುಖ್ಯವಾದವು. ಮೇಲುನೋಟಕ್ಕೆ ಬರಿದಾಗಿ ಕಾಣುವ ಮರಳುದಿಬ್ಬದಲ್ಲಿ ಜೀವಿಗಳ ಬಹುಭಾಗ ಮೇಲ್ಮೈಯ ಕೆಳಗೆ ಹುದುಗಿರುತ್ತದೆ. ಕರ್ನಾಟಕದಲ್ಲಿ ಇಂತಹ ದಿಬ್ಬಗಳು ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಸ್ವರ್ಣಾ, ನೇತ್ರಾವತಿ ಮೊದಲಾದ ನದಿಗಳ ಅಳಿವೆಗಳಲ್ಲಿ ಕಂಡುಬರುತ್ತವೆ. ಅಳಿವೆಯ ಮೀನುಗಾರಿಕೆ, ಹಕ್ಕಿಗಳ ಆಹಾರ ಮತ್ತು ದಡದ ಅನೇಕ ಕುಟುಂಬಗಳ ಜೀವನೋಪಾಯ ಈ ಪ್ರಾಣಿಗಳನ್ನು ಅವಲಂಬಿಸಿವೆ.

ನೆಲೆಯ ಸ್ವರೂಪ

ಕರ್ನಾಟಕದ ಕರಾವಳಿ ಸುಮಾರು 320 ಕಿ.ಮೀ. ಉದ್ದವಿದೆ. ಪಶ್ಚಿಮ ಘಟ್ಟಗಳಲ್ಲಿ ಹುಟ್ಟುವ ನದಿಗಳು ಕಡಿದಾದ ಇಳಿಜಾರಿನಲ್ಲಿ ಹರಿದು, ಮಳೆಗಾಲದಲ್ಲಿ ಅಪಾರ ಪ್ರಮಾಣದ ಮರಳನ್ನೂ ಮಣ್ಣನ್ನೂ ಹೊತ್ತು ತರುತ್ತವೆ. ಸಮುದ್ರದ ಸಮೀಪ ನೀರಿನ ವೇಗ ಕುಗ್ಗಿದಾಗ ಭಾರವಾದ ಮರಳು ಮೊದಲು ತಳಕ್ಕಿಳಿಯುತ್ತದೆ. ಹಗುರವಾದ ಜೇಡಿಮಣ್ಣು ಇನ್ನೂ ಶಾಂತವಾದ ಒಳಗಿನ ಮೂಲೆಗಳಲ್ಲಿ ಕೂರುತ್ತದೆ. ಕಡಲಿನ ಅಲೆಗಳೂ ತಮ್ಮ ಪಾಲಿನ ಮರಳನ್ನು ಅಳಿವೆಯ ಬಾಯಿಗೆ ತಂದು ಒಡ್ಡುತ್ತವೆ. ಹೀಗೆ ನದಿ ಮತ್ತು ಕಡಲು ಎರಡೂ ಸೇರಿ ರೂಪಿಸುವ ದಿಬ್ಬಗಳು ಸ್ಥಿರವಾದವುಗಳಲ್ಲ. ಒಂದು ಮಳೆಗಾಲದ ಪ್ರವಾಹದಲ್ಲಿ ಕೊಚ್ಚಿಹೋದ ದಿಬ್ಬ ಮುಂದಿನ ತಿಂಗಳುಗಳಲ್ಲಿ ಬೇರೆಡೆ ತಲೆಯೆತ್ತುವುದುಂಟು.

ಈ ತೀರದಲ್ಲಿ ದಿನಕ್ಕೆ ಎರಡು ಬಾರಿ ಉಬ್ಬರವೂ ಎರಡು ಬಾರಿ ಇಳಿತವೂ ಸಂಭವಿಸುತ್ತವೆ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸರಾಸರಿ 12 ಗಂಟೆ 25 ನಿಮಿಷಗಳ ಅಂತರವಿರುವುದರಿಂದ ಉಬ್ಬರದ ಹೊತ್ತು ದಿನದಿಂದ ದಿನಕ್ಕೆ ಮುಂದಕ್ಕೆ ಸರಿಯುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಅತಿ ಹೆಚ್ಚು ಏರಿ ಅತಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ಏರಿಳಿತ ಕಡಿಮೆಯಾಗುತ್ತದೆ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ನೀರಿನ ಏರಿಳಿತ ಹತ್ತು ಮೀಟರನ್ನು ದಾಟುತ್ತದೆ. ಅದಕ್ಕೆ ಹೋಲಿಸಿದರೆ ಕರ್ನಾಟಕದ ತೀರದಲ್ಲಿ ಅದು ಒಂದೂವರೆ ಎರಡು ಮೀಟರಿನಷ್ಟು ಮಾತ್ರ. ಆದರೆ ಅಳಿವೆಯ ದಿಬ್ಬಗಳು ಬಹುಮಟ್ಟಿಗೆ ಚಪ್ಪಟೆಯಾಗಿರುವುದರಿಂದ ಇಷ್ಟು ಏರಿಳಿತದಲ್ಲಿಯೇ ವಿಶಾಲವಾದ ಪ್ರದೇಶ ತೆರೆದುಕೊಳ್ಳುತ್ತದೆ.

ಮರಳಿನ ಕಣದ ಗಾತ್ರವು ಅಲ್ಲಿ ಯಾವ ಜೀವಿ ಬದುಕಬಹುದೆಂಬುದನ್ನು ಬಹಳ ಮಟ್ಟಿಗೆ ನಿರ್ಧರಿಸುತ್ತದೆ. ಭೂವಿಜ್ಞಾನದ ವ್ಯಾಖ್ಯೆಯಂತೆ 0.0625 ಮಿ.ಮೀ.ನಿಂದ 2 ಮಿ.ಮೀ.ವರೆಗಿನ ಕಣಗಳು ಮರಳು ಎನಿಸುತ್ತವೆ. ದಪ್ಪ ಮರಳಿನಲ್ಲಿ ಕಣಗಳ ನಡುವೆ ಹೆಚ್ಚು ಎಡೆಯಿದ್ದು ನೀರು ಬೇಗನೆ ಬಸಿದುಹೋಗುತ್ತದೆ. ಆದುದರಿಂದ ಇಳಿತದಲ್ಲಿ ಅದು ಒಣಗುತ್ತದೆ, ಆಹಾರದ ಅಂಶವೂ ಅದರಲ್ಲಿ ನಿಲ್ಲುವುದಿಲ್ಲ. ನಯವಾದ ಮರಳು ತೇವವನ್ನು ಹಿಡಿದಿಡುತ್ತದೆ. ಆದರೆ ಅದರೊಳಗೆ ನೀರಿನ ಸಂಚಾರ ನಿಧಾನವಾದ್ದರಿಂದ ಆಮ್ಲಜನಕ ಬೇಗ ತೀರುತ್ತದೆ. ಇಂತಹ ದಿಬ್ಬವನ್ನು ಅಗೆದಾಗ ಕೆಲವು ಅಂಗುಲಗಳ ಕೆಳಗೆ ಮರಳು ಕಪ್ಪುಬಣ್ಣಕ್ಕೆ ತಿರುಗಿರುವುದನ್ನೂ ಕೊಳೆತ ಮೊಟ್ಟೆಯ ವಾಸನೆಯನ್ನೂ ಗಮನಿಸಬಹುದು. ಆಮ್ಲಜನಕವಿಲ್ಲದ ಪದರದಲ್ಲಿ ಬ್ಯಾಕ್ಟೀರಿಯಾಗಳು ಉಂಟುಮಾಡುವ ಹೈಡ್ರೋಜನ್ ಸಲ್ಫೈಡ್ ಅನಿಲ ಈ ವಾಸನೆಗೂ, ಕಬ್ಬಿಣದ ಸಲ್ಫೈಡ್ ಕಪ್ಪುಬಣ್ಣಕ್ಕೂ ಕಾರಣ. ಇವೆರಡರ ನಡುವಿನ ಮಧ್ಯಮ ಮರಳಿನಲ್ಲಿ, ಸ್ವಲ್ಪ ಜೇಡಿ ಬೆರೆತ ಕಡೆಗಳಲ್ಲಿ, ಚಿಪ್ಪಿಕಲ್ಲುಗಳು ಸಮೃದ್ಧವಾಗಿರುತ್ತವೆ.

ಜೀವನದ ತೊಡಕುಗಳು ಮತ್ತು ಹೊಂದಾಣಿಕೆಗಳು

ಬಂಡೆಗಳ ಮೇಲಿನ ಜೀವಿಗಳಿಗೆ ಅಂಟಿಕೊಳ್ಳಲು ಗಟ್ಟಿ ಆಧಾರವಿರುತ್ತದೆ. ಸದಾ ಚಲಿಸುವ ಮರಳಿನಲ್ಲಿ ಅಂತಹ ಆಧಾರವಿಲ್ಲ. ಆದುದರಿಂದ ಇಲ್ಲಿನ ಪ್ರಾಣಿಗಳ ಮುಖ್ಯ ರಕ್ಷಣೆಯೆಂದರೆ ಬಿಲ ತೋಡಿ ಹುದುಗುವುದು. ಬೇಸಿಗೆಯ ನಡುಹಗಲಿನಲ್ಲಿ ಮರಳಿನ ಮೇಲ್ಮೈ ಕಾಲಿಡಲಾಗದಷ್ಟು ಕಾದಿದ್ದರೂ ಒಂದು ಗೇಣಿನ ಆಳದಲ್ಲಿ ಅದು ತಂಪಾಗಿಯೂ ತೇವವಾಗಿಯೂ ಇರುತ್ತದೆ. ಹುದುಗಿದ ಪ್ರಾಣಿಗೆ ಬಿಸಿಲು, ಒಣಗುವಿಕೆ, ಹಕ್ಕಿಗಳ ಕೊಕ್ಕು ಮತ್ತು ಅಲೆಯ ಹೊಡೆತ ಇವೆಲ್ಲವುಗಳಿಂದ ಒಮ್ಮೆಗೇ ಆಶ್ರಯ ದೊರೆಯುತ್ತದೆ.

ಚಿಪ್ಪಿಕಲ್ಲುಗಳು ಕೊಡಲಿಯ ಆಕಾರದ ಮಾಂಸಲ ಪಾದವನ್ನು ಮರಳಿನೊಳಕ್ಕೆ ಚಾಚಿ, ಅದರ ತುದಿಯನ್ನು ರಕ್ತದೊತ್ತಡದಿಂದ ಉಬ್ಬಿಸಿ ಲಂಗರಿನಂತೆ ಊರುತ್ತವೆ. ಅನಂತರ ಪಾದದ ಸ್ನಾಯುಗಳನ್ನು ಕುಗ್ಗಿಸಿ ಚಿಪ್ಪನ್ನು ಕೆಳಕ್ಕೆ ಎಳೆದುಕೊಳ್ಳುತ್ತವೆ. ಮರಳಿನೊಳಗಿದ್ದುಕೊಂಡೇ ಎರಡು ಹೀರುನಾಳಗಳನ್ನು ಮೇಲಕ್ಕೆ ಚಾಚಿ, ಒಂದರಿಂದ ನೀರನ್ನು ಒಳಗೆ ಸೆಳೆದು ಇನ್ನೊಂದರಿಂದ ಹೊರಬಿಡುತ್ತವೆ. ಈ ನೀರಿನಿಂದಲೇ ಕಿವಿರುಗಳು ಆಮ್ಲಜನಕವನ್ನೂ ಆಹಾರದ ಕಣಗಳನ್ನೂ ಪಡೆಯುತ್ತವೆ. ನೀರು ಇಳಿದಾಗ, ಅಥವಾ ಮಳೆಯಿಂದ ಅಳಿವೆಯ ನೀರು ಸಪ್ಪೆಯಾದಾಗ, ಅವು ಚಿಪ್ಪನ್ನು ಬಿಗಿಯಾಗಿ ಮುಚ್ಚಿಕೊಂಡು, ಆಮ್ಲಜನಕವಿಲ್ಲದೆ ನಡೆಯುವ ಉಸಿರಾಟದ ಕ್ರಮದಿಂದ ಕೆಲಕಾಲ ಬದುಕಬಲ್ಲವು. ಆದರೆ ಈ ಸಹನೆಗೆ ಮಿತಿಯಿದೆ. ಸಪ್ಪೆನೀರು ದೀರ್ಘಕಾಲ ನಿಂತರೆ ಅವು ಗುಂಪುಗುಂಪಾಗಿ ಸಾಯುತ್ತವೆ.

ಮುಖ್ಯ ಗುಂಪುಗಳು

ಮೃದ್ವಂಗಿಗಳು

ಅಳಿವೆಯ ದಿಬ್ಬಗಳಲ್ಲಿ ಪ್ರಮುಖವಾದವು ಎರಡು ಚಿಪ್ಪುಗಳುಳ್ಳ ದ್ವಿಕವಾಟಿಗಳು. ಇವನ್ನು ಕನ್ನಡದಲ್ಲಿ ಚಿಪ್ಪಿಕಲ್ಲು, ಉತ್ತರ ಕನ್ನಡದಲ್ಲಿ ಬಳಚು, ತುಳುವಿನಲ್ಲಿ ಮರುವಾಯಿ ಎಂದು ಕರೆಯುತ್ತಾರೆ. ಮೆರೆಟ್ರಿಕ್ಸ್ ಕಾಸ್ಟಾ, ಮೆರೆಟ್ರಿಕ್ಸ್ ಮೆರೆಟ್ರಿಕ್ಸ್, ಪಾಫಿಯಾ ಮಲಬಾರಿಕಾ, ಕ್ಯಾಟೆಲಿಸಿಯಾ ಒಪಿಮಾ ಮತ್ತು ವಿಲ್ಲೋರಿಟಾ ಸಿಪ್ರಿನಾಯ್ಡಿಸ್ ಇಲ್ಲಿನ ಮುಖ್ಯ ಪ್ರಭೇದಗಳು. ಕಡಲಿಗೆ ನೇರವಾಗಿ ತೆರೆದ ಮರಳದಂಡೆಯಲ್ಲಿ ಬೆಣೆಯಾಕಾರದ ಡೋನಾಕ್ಸ್ ಚಿಪ್ಪುಗಳಿವೆ. ಅಲೆ ಮರಳನ್ನು ಕದಡಿದಾಗ ಇವು ಮೇಲಕ್ಕೆ ಬಂದು, ನೀರಿನೊಡನೆ ಜಾರಿ, ಕ್ಷಣಮಾತ್ರದಲ್ಲಿ ಮತ್ತೆ ಹುದುಗುತ್ತವೆ.

ಏಕಚಿಪ್ಪಿನ ಉದರಪಾದಿಗಳಲ್ಲಿ ಗುಂಡಿಯಂತೆ ಚಪ್ಪಟೆಯಾದ, ಹೊಳೆಯುವ ಉಂಬೋನಿಯಂ ವೆಸ್ಟಿಯೇರಿಯಂ ಗಮನಾರ್ಹವಾದುದು. ನಯವಾದ ಮರಳಿನಲ್ಲಿ ಇದು ಭಾರಿ ಸಂಖ್ಯೆಯಲ್ಲಿ ನೆಲೆಸುತ್ತದೆ. ನಾಟಿಕಾ ಮತ್ತು ಪಾಲಿನೈಸಿಸ್ ಕುಲದ ಚಂದ್ರಬಸವನಹುಳುಗಳು ಮಾಂಸಾಹಾರಿಗಳು. ಇವು ಚಿಪ್ಪಿಕಲ್ಲನ್ನು ತಮ್ಮ ಅಗಲವಾದ ಪಾದದಿಂದ ಆವರಿಸಿ, ಆಮ್ಲೀಯ ಸ್ರಾವದಿಂದ ಚಿಪ್ಪನ್ನು ಮೃದುಗೊಳಿಸಿ, ಅರದಂತಹ ನಾಲಗೆಯಿಂದ ಕೊರೆದು ಒಳಗಿನ ಮಾಂಸವನ್ನು ತಿನ್ನುತ್ತವೆ. ತೀರದಲ್ಲಿ ದೊರೆಯುವ ಖಾಲಿ ಚಿಪ್ಪುಗಳಲ್ಲಿ ಬೈರಿಗೆಯಿಂದ ಕೊರೆದಂತೆ ಕಾಣುವ ದುಂಡನೆಯ ತೂತು ಇವುಗಳ ಗುರುತು. ಮರಳನ್ನು ಲೋಳೆಯಿಂದ ಬೆಸೆದು ಮಾಡಿದ, ಅಂಗಿಯ ಕಾಲರಿನಂತಿರುವ ಪಟ್ಟಿಗಳೂ ದಿಬ್ಬಗಳ ಮೇಲೆ ಬಿದ್ದಿರುವುದುಂಟು. ಅವು ಕಸವಲ್ಲ, ಈ ಬಸವನಹುಳುಗಳ ಮೊಟ್ಟೆಯ ಸಮೂಹ.

ಕಠಿಣಚರ್ಮಿಗಳು

ಉಬ್ಬರದ ಮೇಲಿನ ಅಂಚಿನಲ್ಲಿ ಓಸಿಪೋಡ್ ಕುಲದ ಏಡಿಗಳು ಆಳವಾದ ಬಿಲಗಳನ್ನು ತೋಡುತ್ತವೆ. ಇವು ಬಹಳ ವೇಗವಾಗಿ ಓಡಬಲ್ಲವು, ಹೆಚ್ಚಾಗಿ ಸಂಜೆ ಮತ್ತು ರಾತ್ರಿಯ ವೇಳೆ ಆಹಾರ ಹುಡುಕುತ್ತವೆ. ಅದಕ್ಕಿಂತ ಕೆಳಗೆ, ತೇವವಿರುವ ಮರಳಿನಲ್ಲಿ, ಡೋಟಿಲ್ಲಾ ಮತ್ತು ಸ್ಕೋಪಿಮೆರಾ ಕುಲದ ಪುಟ್ಟ ಏಡಿಗಳಿವೆ. ನೀರು ಇಳಿದೊಡನೆ ಬಿಲದಿಂದ ಹೊರಬಂದು, ಮರಳನ್ನು ಬಾಯಿಗೆ ತುಂಬಿ, ಅದರಲ್ಲಿರುವ ಡಯಾಟಮ್ ಪಾಚಿ ಮತ್ತು ಜೈವಿಕ ಕಣಗಳನ್ನು ಬೇರ್ಪಡಿಸಿ ತಿಂದು, ಉಳಿದ ಮರಳನ್ನು ಸಾಸಿವೆ, ಮೆಣಸುಕಾಳಿನ ಗಾತ್ರದ ಉಂಡೆಗಳಾಗಿ ಹೊರಹಾಕುತ್ತವೆ. ಬಿಲದ ಸುತ್ತ ರಂಗೋಲಿಯಂತೆ ಹರಡುವ ಈ ಉಂಡೆಗಳು ಮುಂದಿನ ಉಬ್ಬರದಲ್ಲಿ ಕರಗಿಹೋಗುತ್ತವೆ. ಕೆಸರು ಬೆರೆತ ಅಂಚುಗಳಲ್ಲಿ, ಗಂಡಿಗೆ ಒಂದು ಕೊಂಬು ಮಾತ್ರ ಅತಿ ದೊಡ್ಡದಾಗಿರುವ ಪಿಟೀಲು ಏಡಿಗಳಿರುತ್ತವೆ. ಗಂಡು ಈ ಕೊಂಬನ್ನು ಬೀಸಿ ಹೆಣ್ಣನ್ನು ಆಕರ್ಷಿಸುತ್ತದೆ, ಎದುರಾಳಿಯನ್ನು ಬೆದರಿಸುತ್ತದೆ.

ಅಲೆ ಏರಿ ಇಳಿಯುವ ಪಟ್ಟಿಯಲ್ಲಿ ಎಮೆರಿಟಾ ಎಂಬ ಮೊಟ್ಟೆಯಾಕಾರದ ಏಡಿ ಜಾತಿಯ ಪ್ರಾಣಿ ವಾಸಿಸುತ್ತದೆ. ಭಾರತದ ಪಶ್ಚಿಮ ತೀರದ ಪ್ರಭೇದವಾದ ಎಮೆರಿಟಾ ಹೋಲ್ತುಯಿಸಿಯನ್ನು ಕೆ. ಎನ್. ಸಂಕೊಳ್ಳಿಯವರು 1965ರಲ್ಲಿ ವೈಜ್ಞಾನಿಕವಾಗಿ ವರ್ಣಿಸಿದರು. ಇದು ಹಿಮ್ಮುಖವಾಗಿ ಮರಳಿಗಿಳಿದು, ಹಿಂದಿರುಗುವ ಅಲೆಯ ನೀರಿಗೆ ತನ್ನ ಗರಿಯಂತಹ ಮೀಸೆಗಳನ್ನು ಬಲೆಯಂತೆ ಒಡ್ಡಿ ಆಹಾರವನ್ನು ಸೋಸಿಕೊಳ್ಳುತ್ತದೆ. ಖಾಲಿ ಶಂಖಗಳನ್ನು ಮನೆಯಾಗಿಸಿಕೊಂಡ ಸನ್ಯಾಸಿ ಏಡಿಗಳು, ಮರಳಿನಲ್ಲಿ ಹುದುಗುವ ಚಿಕ್ಕ ಆಂಫಿಪಾಡ್ ಮತ್ತು ಐಸೊಪಾಡ್‌ಗಳು ಈ ಗುಂಪಿನ ಇತರ ಸದಸ್ಯರು.

ಬಹುರೋಮಿ ಹುಳುಗಳು

ಎರೆಹುಳುವಿನ ಸಂಬಂಧಿಗಳಾದ ಬಹುರೋಮಿಗಳ ದೇಹದ ಪ್ರತಿ ವಲಯದಲ್ಲಿಯೂ ರೋಮಗಳುಳ್ಳ ಜೋಡಿ ಅವಯವಗಳಿರುತ್ತವೆ. ನೆರೆಯಿಸ್ ಮತ್ತು ಗ್ಲೈಸೆರಾ ಜಾತಿಯ ಹುಳುಗಳು ಮರಳಿನಲ್ಲಿ ಸುರಂಗ ಕೊರೆದು ಓಡಾಡುತ್ತವೆ. ಡಯೋಪಾಟ್ರಾ ಹುಳು ತನ್ನ ಸುತ್ತ ಚರ್ಮದಂತಹ ಕೊಳವೆಯನ್ನು ಕಟ್ಟಿಕೊಂಡು, ಮರಳಿನಿಂದ ಹೊರಚಾಚಿದ ಅದರ ತುದಿಗೆ ಚಿಪ್ಪಿನ ಚೂರು ಮತ್ತು ಕಡ್ಡಿಗಳನ್ನು ಅಂಟಿಸುತ್ತದೆ. ಈ ಹುಳುಗಳು ಬಿಲಗಳ ಮೂಲಕ ಆಮ್ಲಜನಕವುಳ್ಳ ನೀರನ್ನು ಆಳಕ್ಕೆ ಹರಿಸುತ್ತವೆ, ಕೆಳಪದರದ ಮರಳನ್ನು ಮೇಲಕ್ಕೆ ತರುತ್ತವೆ. ಹೊಲದಲ್ಲಿ ಎರೆಹುಳು ಮಾಡುವ ಕೆಲಸವನ್ನು ಮರಳುದಿಬ್ಬದಲ್ಲಿ ಇವು ಮಾಡುತ್ತವೆಯೆಂದು ಹೇಳಬಹುದು.

ಕಂಟಕಚರ್ಮಿಗಳು

ಕಡಲಿನ ಉಪ್ಪು ಸ್ಥಿರವಾಗಿರುವ ಕಡೆಗಳಲ್ಲಿ ಮಾತ್ರ ಇವು ಕಂಡುಬರುತ್ತವೆ. ಚಪ್ಪಟೆಯಾದ, ನಾಣ್ಯದಂತಹ ಕಡಲಬಿಲ್ಲೆಗಳು ಹಾಗೂ ಆಸ್ಟ್ರೋಪೆಕ್ಟೆನ್ ಕುಲದ ನಕ್ಷತ್ರಮೀನುಗಳು ಮರಳಿನ ವಾಸಕ್ಕೆ ಹೊಂದಿಕೊಂಡಿವೆ. ಕಂಟಕಚರ್ಮಿಗಳು ಉಪ್ಪಿನಂಶದ ಬದಲಾವಣೆಯನ್ನು ಸಹಿಸಲಾರವಾದ್ದರಿಂದ ಅಳಿವೆಯ ಒಳಭಾಗದಲ್ಲಿ ಅಪರೂಪ.

ಕಣಗಳ ನಡುವಣ ಪ್ರಾಣಿಗಳು

ಮರಳಿನ ಕಣಗಳ ನಡುವಿನ ನೀರಿನಲ್ಲಿ ಬರಿಗಣ್ಣಿಗೆ ಸುಲಭವಾಗಿ ಕಾಣದ ಪ್ರಾಣಿಸಮೂಹವೊಂದಿದೆ. ಸಾಮಾನ್ಯವಾಗಿ 0.5 ಮಿ.ಮೀ. ಅಥವಾ 1 ಮಿ.ಮೀ. ಜರಡಿಯಲ್ಲಿ ಸೋರಿಹೋಗಿ ಅತಿ ಸೂಕ್ಷ್ಮ ಜರಡಿಯಲ್ಲಿ ನಿಲ್ಲುವ ಈ ಪ್ರಾಣಿಗಳಿಗೆ ಮೀಯೋಫಾನಾ ಎಂಬ ಹೆಸರನ್ನು ಬ್ರಿಟನ್ನಿನ ಮಾಲಿ ಮೇರ್ 1942ರಲ್ಲಿ ಬಳಕೆಗೆ ತಂದರು. ದುಂಡುಹುಳುಗಳು, ಹಾರ್ಪಾಕ್ಟಿಕಾಯ್ಡ್ ಕೋಪಿಪಾಡ್‌ಗಳು, ಗ್ಯಾಸ್ಟ್ರೋಟ್ರಿಕ್‌ಗಳು, ಎಂಟು ಕಾಲಿನ ಟಾರ್ಡಿಗ್ರೇಡ್‌ಗಳು ಇದರಲ್ಲಿ ಸೇರಿವೆ. ಬಹುಪಾಲು ಪ್ರಾಣಿಗಳ ದೇಹ ಹುಳುವಿನಂತೆ ನೀಳವಾಗಿದ್ದು, ಕೆಲವಕ್ಕೆ ಕಣಗಳಿಗೆ ಅಂಟಿಕೊಳ್ಳುವ ಗ್ರಂಥಿಗಳಿವೆ. ಒಂದು ಹಿಡಿ ತೇವದ ಮರಳಿನಲ್ಲಿಯೂ ಇಂತಹ ಅನೇಕ ಪ್ರಾಣಿಗಳು ಇರಬಲ್ಲವು.

ಉಪ್ಪಿನಂಶ ಮತ್ತು ಹಂಚಿಕೆ

ತೆರೆದ ಸಮುದ್ರದ ಒಂದು ಲೀಟರು ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅಳಿವೆಯಲ್ಲಿ ಮೇಲಕ್ಕೆ ಹೋದಂತೆ ಇದು ಕಡಿಮೆಯಾಗುತ್ತದೆ. ಈ ಇಳಿಕೆಗೆ ಅನುಗುಣವಾಗಿ ಚಿಪ್ಪಿಕಲ್ಲುಗಳ ನೆಲೆಗಳೂ ಸಾಲಾಗಿ ಹಂಚಿಹೋಗಿವೆ. ಹೆಚ್ಚು ಉಪ್ಪು ಬೇಕಾದ ಪಾಫಿಯಾ ಮಲಬಾರಿಕಾ ಅಳಿವೆಯ ಬಾಯಿಗೆ ಸಮೀಪದ ಮರಳಿನಲ್ಲಿರುತ್ತದೆ. ಏರಿಳಿತವನ್ನು ಚೆನ್ನಾಗಿ ಸಹಿಸುವ ಮೆರೆಟ್ರಿಕ್ಸ್ ಕಾಸ್ಟಾ ನಡುಭಾಗದಲ್ಲಿ ವ್ಯಾಪಕವಾಗಿದೆ. ಕಪ್ಪು ಬಣ್ಣದ ವಿಲ್ಲೋರಿಟಾ ಸಿಪ್ರಿನಾಯ್ಡಿಸ್ ಉಪ್ಪು ತೀರ ಕಡಿಮೆಯಿರುವ ಮೇಲ್ಭಾಗದಲ್ಲಿ ಬೆಳೆಯುತ್ತದೆ. ಹೀಗಾಗಿ ಒಂದು ಅಳಿವೆಯಲ್ಲಿ ಯಾವ ಚಿಪ್ಪಿಕಲ್ಲು ಎಲ್ಲಿ ದೊರೆಯುತ್ತದೆ ಎಂಬುದರಿಂದಲೇ ಅಲ್ಲಿನ ನೀರಿನ ಸ್ವಭಾವವನ್ನು ಅಂದಾಜು ಮಾಡಬಹುದು.

ಋತುಚಕ್ರ

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನೈಋತ್ಯ ಮಾನ್ಸೂನ್ ಈ ಜೀವಿಗಳ ವರ್ಷವನ್ನು ಎರಡಾಗಿ ಸೀಳುತ್ತದೆ. ಭಾರಿ ಮಳೆಯ ದಿನಗಳಲ್ಲಿ ಅಳಿವೆಯ ನೀರು ಬಹುಮಟ್ಟಿಗೆ ಸಪ್ಪೆಯಾಗುತ್ತದೆ. ಪ್ರವಾಹದ ಸೆಳೆತಕ್ಕೆ ದಿಬ್ಬದ ಮೇಲುಪದರ ಕೊಚ್ಚಿಹೋಗುತ್ತದೆ. ಆ ಕಾಲದಲ್ಲಿ ಅನೇಕ ಪ್ರಾಣಿಗಳು ಸಾಯುತ್ತವೆ. ಉಳಿದವು ಆಳಕ್ಕಿಳಿಯುತ್ತವೆ ಅಥವಾ ಚಿಪ್ಪು ಮುಚ್ಚಿಕೊಳ್ಳುತ್ತವೆ. ಮಳೆ ನಿಂತು ಕಡಲಿನ ಉಪ್ಪುನೀರು ಮತ್ತೆ ಒಳನುಗ್ಗಿದ ಮೇಲೆ ದಿಬ್ಬಗಳು ಹೊಸದಾಗಿ ತುಂಬಿಕೊಳ್ಳುತ್ತವೆ. ಚಿಪ್ಪಿಕಲ್ಲುಗಳು ಮೊಟ್ಟೆ ಮತ್ತು ವೀರ್ಯಾಣುಗಳನ್ನು ನೀರಿಗೆ ಬಿಡುತ್ತವೆ. ಹುಟ್ಟಿದ ಡಿಂಬಗಳು ಕೆಲವು ದಿನಗಳಿಂದ ಕೆಲವು ವಾರಗಳವರೆಗೆ ಪ್ಲವಕಗಳಾಗಿ ತೇಲಿ, ಯೋಗ್ಯವಾದ ಮರಳು ದೊರೆತಲ್ಲಿ ತಳಕ್ಕಿಳಿದು ಮರಿಚಿಪ್ಪುಗಳಾಗುತ್ತವೆ. ಈ ಪುನಶ್ಚೇತನಕ್ಕೆ ಮೂರು ಸಂಗತಿಗಳು ಅಗತ್ಯ: ಬದುಕುಳಿದ ತಾಯಿಚಿಪ್ಪುಗಳು, ಮಳೆಗಾಲದ ನಂತರ ಹಿಂದಿರುಗುವ ಉಪ್ಪು, ಮತ್ತು ಡಿಂಬಗಳು ನೆಲೆಯೂರಲು ತಕ್ಕ ಮರಳು.

ಆಹಾರಜಾಲದಲ್ಲಿ ಸ್ಥಾನ

ಮರಳಿನ ಕಣಗಳ ಮೇಲೆ ಬೆಳೆಯುವ ಡಯಾಟಮ್‌ಗಳು, ನೀರಿನಲ್ಲಿ ತೇಲುವ ಸಸ್ಯಪ್ಲವಕಗಳು, ದಡದ ಕಾಂಡ್ಲಾ ಗಿಡಗಳಿಂದ ಉದುರಿ ಕೊಳೆತ ಎಲೆಗಳು ಇಲ್ಲಿನ ಆಹಾರದ ಮೂಲಗಳು. ಸೋಸಿ ತಿನ್ನುವ ಚಿಪ್ಪಿಕಲ್ಲುಗಳೂ ಮರಳನ್ನು ಜಾಲಾಡುವ ಏಡಿ, ಹುಳುಗಳೂ ಇವನ್ನು ಮಾಂಸವಾಗಿ ಪರಿವರ್ತಿಸುತ್ತವೆ. ಬೆಳೆದ ಚಿಪ್ಪಿಕಲ್ಲೊಂದು ದಿನಕ್ಕೆ ಹಲವು ಲೀಟರು ನೀರನ್ನು ಸೋಸಬಲ್ಲುದಾದ್ದರಿಂದ ದಟ್ಟವಾದ ಚಿಪ್ಪಿನ ಹಾಸುಗಳು ಅಳಿವೆಯ ನೀರನ್ನು ತಿಳಿಗೊಳಿಸುತ್ತವೆ. ಉಬ್ಬರದ ವೇಳೆ ಮೀನುಗಳೂ ದೊಡ್ಡ ಏಡಿಗಳೂ ದಿಬ್ಬಕ್ಕೆ ಬಂದು ಮೇಯುತ್ತವೆ. ಇಳಿತದ ವೇಳೆ ಅದೇ ಜಾಗದಲ್ಲಿ ಹಕ್ಕಿಗಳು ಇಳಿಯುತ್ತವೆ. ಚಳಿಗಾಲದಲ್ಲಿ ಉತ್ತರ ಮತ್ತು ಮಧ್ಯ ಏಷ್ಯಾದಿಂದ ವಲಸೆ ಬರುವ ಮರಳುಗೊರವಗಳು, ಗದ್ದೆಗೊರವಗಳು, ಬಾಗಿದ ಉದ್ದ ಕೊಕ್ಕಿನ ಕರ್ಲ್ಯೂಗಳು ಮರಳಿನೊಳಗಿನ ಹುಳು, ಏಡಿ, ಚಿಪ್ಪುಗಳನ್ನು ತಿಂದು ಮರುಪ್ರಯಾಣಕ್ಕೆ ಬೇಕಾದ ಕೊಬ್ಬನ್ನು ಸಂಗ್ರಹಿಸುತ್ತವೆ. ಕೊಕ್ಕಿನ ಉದ್ದ ಬೇರೆಬೇರೆಯಾಗಿರುವುದರಿಂದ ಒಂದೇ ದಿಬ್ಬದಲ್ಲಿ ಬೇರೆಬೇರೆ ಹಕ್ಕಿಗಳು ಬೇರೆಬೇರೆ ಆಳದ ಬೇಟೆಯನ್ನು ಹಿಡಿಯುತ್ತವೆ.

ಮಾನವ ಜೀವನದಲ್ಲಿ

ಅಳಿವೆಯ ದಡದ ಹಳ್ಳಿಗಳಲ್ಲಿ ಬಳಚು ತೆಗೆಯುವುದು ಹಳೆಯ ಕಸುಬು. ದೊಡ್ಡ ಇಳಿತದ ದಿನಗಳಲ್ಲಿ ಹೆಂಗಸರೂ ಗಂಡಸರೂ ದಿಬ್ಬಗಳಿಗಿಳಿದು ಕೈಯಿಂದಲೂ ಕತ್ತಿ, ಕೋಲುಗಳಿಂದಲೂ ಮರಳನ್ನು ಕೆದಕಿ ಚಿಪ್ಪುಗಳನ್ನು ಹೆಕ್ಕುತ್ತಾರೆ. ನೀರು ನಿಂತ ಕಡೆಗಳಲ್ಲಿ ದೋಣಿಯಲ್ಲಿ ಹೋಗಿ ಮುಳುಗಿ ತೆಗೆಯುವುದೂ ಉಂಟು. ಬಲೆ, ಯಂತ್ರ, ಇಂಧನ ಯಾವುದೂ ಬೇಕಿಲ್ಲದ ಈ ಕೆಲಸ ಬಂಡವಾಳವಿಲ್ಲದ ಕುಟುಂಬಗಳಿಗೆ, ಮುಖ್ಯವಾಗಿ ಮಹಿಳೆಯರಿಗೆ, ನಗದು ಆದಾಯವನ್ನೂ ಮನೆಗೆ ಪುಷ್ಟಿಕರ ಆಹಾರವನ್ನೂ ಒದಗಿಸುತ್ತದೆ. ಮಂಗಳೂರು, ಉಡುಪಿಗಳ ಕಡೆ ಮರುವಾಯಿಯ ಸುಕ್ಕ ಪ್ರಸಿದ್ಧವಾದ ಅಡುಗೆ. ತೀರದ ಖಾಲಿ ಚಿಪ್ಪುಗಳನ್ನು ಸುಟ್ಟು ಸುಣ್ಣ ಮಾಡುವ ಉದ್ಯೋಗವೂ ಕರಾವಳಿಯಲ್ಲಿ ಹಿಂದಿನಿಂದ ಬಂದಿದೆ.

ಎರಡು ನೆರೆಯ ಅಳಿವೆಗಳು

ಮರಳುದಿಬ್ಬದ ಜೀವಿಗಳು ನದಿಯ ಹರಿವಿಗೆ ಎಷ್ಟು ಬಿಗಿಯಾಗಿ ಕಟ್ಟಿಹಾಕಲ್ಪಟ್ಟಿವೆ ಎಂಬುದನ್ನು ಉತ್ತರ ಕನ್ನಡ ಜಿಲ್ಲೆಯ ಎರಡು ಅಳಿವೆಗಳ ಹೋಲಿಕೆಯಿಂದ ತಿಳಿಯಬಹುದು. ಶಿರಸಿಯಲ್ಲಿ ಹುಟ್ಟಿ ಕುಮಟಾ ತಾಲ್ಲೂಕಿನಲ್ಲಿ ಕಡಲು ಸೇರುವ ಅಘನಾಶಿನಿಗೆ ದೊಡ್ಡ ಅಣೆಕಟ್ಟುಗಳಿಲ್ಲ. ಮಳೆಗಾಲದಲ್ಲಿ ಅದರ ಅಳಿವೆ ಸಪ್ಪೆಯಾಗುತ್ತದೆ, ಬೇಸಿಗೆಯಲ್ಲಿ ಹರಿವು ಕ್ಷೀಣಿಸಿ ಕಡಲಿನ ಉಪ್ಪು ಬಹುದೂರ ಒಳಗೆ ಏರುತ್ತದೆ. ಈ ಸಹಜ ಏರಿಳಿತಕ್ಕೆ ಹೊಂದಿಕೊಂಡ ಚಿಪ್ಪಿಕಲ್ಲುಗಳು ಅಲ್ಲಿ ಸಮೃದ್ಧವಾಗಿವೆ.

ಅದರ ದಕ್ಷಿಣಕ್ಕೆ ಹೊನ್ನಾವರದಲ್ಲಿ ಕಡಲು ಸೇರುವ ಶರಾವತಿಯ ಸ್ಥಿತಿ ಬೇರೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ಮತ್ತು ಅನಂತರದ ಗೇರುಸೊಪ್ಪೆ ಯೋಜನೆಯ ವಿದ್ಯುದಾಗಾರಗಳಿಂದ ಬೇಸಿಗೆಯಲ್ಲಿಯೂ ಸಿಹಿನೀರು ಕೆಳಕ್ಕೆ ಹರಿಯುತ್ತದೆ. ಇದರಿಂದ ಅಳಿವೆಯಲ್ಲಿ ಉಪ್ಪು ಏರಬೇಕಾದ ಕಾಲದಲ್ಲಿ ಏರುವುದಿಲ್ಲ. ಪರಿಣಾಮವಾಗಿ ಉಪ್ಪನ್ನು ಬಯಸುವ ಚಿಪ್ಪಿಕಲ್ಲುಗಳು ಶರಾವತಿಯಲ್ಲಿ ಬಹಳವಾಗಿ ಕುಗ್ಗಿವೆ, ಅವನ್ನು ಹೆಕ್ಕಿ ಬದುಕುವ ಅವಕಾಶವೂ ಅದರೊಡನೆ ಕುಗ್ಗಿದೆ. ಇಲ್ಲಿ ನೀರು ಮಲಿನವಾಗಿಲ್ಲ, ಕಡಿಮೆಯೂ ಆಗಿಲ್ಲ; ಸಿಹಿನೀರು ತನ್ನ ಕಾಲವನ್ನು ಮೀರಿ ಬಂದುದೇ ಹಾನಿಗೆ ಕಾರಣವಾಯಿತು.

ಅಪಾಯಗಳು

ಮರಳುಗಾರಿಕೆ ಇವುಗಳಲ್ಲಿ ಅತ್ಯಂತ ನೇರವಾದುದು. ಚಿಪ್ಪಿಕಲ್ಲು, ಹುಳು, ಏಡಿಗಳು ಬಹುತೇಕ ದಿಬ್ಬದ ಮೇಲಿನ ಒಂದೆರಡು ಅಡಿಗಳಲ್ಲಿಯೇ ಇರುವುದರಿಂದ ಮರಳನ್ನು ಎತ್ತಿದಾಗ ಜೀವಿಗಳೂ ಅದರೊಡನೆ ಹೋಗುತ್ತವೆ. ತೋಡಿದ ಹೊಂಡದಲ್ಲಿ ನಯವಾದ ಕೆಸರು ತುಂಬಿಕೊಂಡರೆ ಮರಳನ್ನು ಬಯಸುವ ಡಿಂಬಗಳಿಗೆ ಮತ್ತೆ ನೆಲೆ ದೊರೆಯುವುದಿಲ್ಲ. ದಿಬ್ಬ ಎತ್ತರ ಕಳೆದುಕೊಂಡು ಸದಾ ನೀರಿನಲ್ಲಿಯೇ ಉಳಿದರೆ ಹಕ್ಕಿಗಳಿಗೂ ಕಾಲ್ನಡಿಗೆಯಲ್ಲಿ ಬಳಚು ಹೆಕ್ಕುವವರಿಗೂ ಅದು ಕೈತಪ್ಪುತ್ತದೆ. ಮರಿಚಿಪ್ಪುಗಳನ್ನು ಬಿಡದೆ ಹೆಕ್ಕುವುದು, ಪಟ್ಟಣಗಳ ಕೊಳಚೆ ಮತ್ತು ಕಾರ್ಖಾನೆಗಳ ತ್ಯಾಜ್ಯ, ಬಂದರು ಕಾಮಗಾರಿಗಳಿಗಾಗಿ ಹೂಳೆತ್ತುವಿಕೆ, ಕಡಲ್ಕೊರೆತ ತಡೆಯಲು ಕಟ್ಟುವ ಕಲ್ಲಿನ ಗೋಡೆಗಳು ಇತರ ಕಾರಣಗಳು. ಸೋಸಿ ತಿನ್ನುವ ಪ್ರಾಣಿಗಳು ನೀರಿನಲ್ಲಿರುವ ಭಾರಲೋಹಗಳನ್ನೂ ರೋಗಾಣುಗಳನ್ನೂ ದೇಹದಲ್ಲಿ ಸಂಗ್ರಹಿಸುವುದರಿಂದ ಅಳಿವೆಯ ಮಾಲಿನ್ಯ ತಿನ್ನುವವರ ಆರೋಗ್ಯದ ಪ್ರಶ್ನೆಯೂ ಆಗುತ್ತದೆ. ಸಮುದ್ರಮಟ್ಟದ ಏರಿಕೆಯಿಂದ, ಹಿಂದೆ ಸರಿಯಲು ಜಾಗವಿಲ್ಲದ ಕಡೆಗಳಲ್ಲಿ, ಉಬ್ಬರವಿಳಿತದ ಪಟ್ಟಿಯೇ ಕಿರಿದಾಗುವ ಸಂಭವವಿದೆ.

ಸಂರಕ್ಷಣೆ

ಪರಿಸರ (ಸಂರಕ್ಷಣೆ) ಅಧಿನಿಯಮ, 1986ರ ಅಡಿಯಲ್ಲಿ 1991ರಲ್ಲಿ ಮೊದಲು ಹೊರಡಿಸಲಾದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಮತ್ತು ಅದರ ನಂತರದ ರೂಪಗಳು ಉಬ್ಬರದ ಗೆರೆ ಮತ್ತು ಇಳಿತದ ಗೆರೆಗಳ ನಡುವಿನ ಪ್ರದೇಶವನ್ನು ಮೊದಲನೆಯ ವರ್ಗದಲ್ಲಿ ಸೇರಿಸಿ ಅಲ್ಲಿನ ಚಟುವಟಿಕೆಗಳನ್ನು ನಿರ್ಬಂಧಿಸಿವೆ. ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೆ ಸೇರಿದೆ. ಇದನ್ನು 2024ರ ಜನವರಿಯಲ್ಲಿ ಪ್ರಕಟಿಸಲಾಯಿತು.

ಬಳಕೆ ಮತ್ತು ರಕ್ಷಣೆ ಜೊತೆಗೂಡಿ ಸಾಗಬಹುದೆಂಬುದಕ್ಕೆ ನೆರೆಯ ಕೇರಳದ ಅಷ್ಟಮುಡಿ ಸರೋವರ ಉದಾಹರಣೆಯಾಗಿದೆ. ಪಾಫಿಯಾ ಮಲಬಾರಿಕಾ ಹಿಡಿಯುವ ಅಲ್ಲಿನ ಮೀನುಗಾರಿಕೆಗೆ 2014ರಲ್ಲಿ ಮರೀನ್ ಸ್ಟುವರ್ಡ್‌ಶಿಪ್ ಕೌನ್ಸಿಲ್‌ನ ಪ್ರಮಾಣಪತ್ರ ದೊರೆಯಿತು; ಭಾರತದಲ್ಲಿ ಇಂತಹ ಮಾನ್ಯತೆ ಪಡೆದ ಮೊದಲ ಮೀನುಗಾರಿಕೆ ಅದು. ಸಂತಾನೋತ್ಪತ್ತಿಯ ಕಾಲದಲ್ಲಿ ಚಿಪ್ಪು ತೆಗೆಯುವುದನ್ನು ನಿಲ್ಲಿಸುವುದು, ಸಣ್ಣ ಚಿಪ್ಪುಗಳು ಜಾರಿಹೋಗುವಷ್ಟು ಅಗಲ ಕಣ್ಣಿನ ಬಲೆಯನ್ನೇ ಬಳಸುವುದು ಮುಂತಾದ ನಿಯಮಗಳನ್ನು ಅಲ್ಲಿ ಅನುಸರಿಸಲಾಗಿದೆ. ಕರ್ನಾಟಕದ ಅಳಿವೆಗಳಲ್ಲಿಯೂ ಮರಿಚಿಪ್ಪುಗಳನ್ನು ದಿಬ್ಬದಲ್ಲಿಯೇ ಬಿಡುವುದು, ಚಿಪ್ಪಿನ ಹಾಸುಗಳಿರುವ ದಿಬ್ಬಗಳಿಂದ ಮರಳು ತೆಗೆಯದಿರುವುದು ಹಾಗೂ ನದಿಯ ಋತುಮಾನದ ಹರಿವನ್ನು ಕಾಪಾಡುವುದು ಈ ಜೀವಿಗಳ ಉಳಿವಿಗೆ ಮುಖ್ಯವಾದ ಕ್ರಮಗಳಾಗಿವೆ.